ಕನ್ನಡ ಸತ್ಯವೇದದಲ್ಲಿ “ದೇವರು” ಎಂಬ ಶಬ್ದ

ಮಂಡ್ಯ ಜಿಲ್ಲೆಯ ಬಸರಾಳಿನಲ್ಲಿರುವ ಮಲ್ಲಿಕಾರ್ಜುನ ದೇವಾಲಯವು ಹೊಯ್ಸಳ ಇಮ್ಮಡಿ ನರಸಿಂಹನ ಆಳಿಕೆಯಲ್ಲಿ, ಕ್ರಿ. ಶ. ೧೨೩೪ರಲ್ಲಿ, ಹರಿಹರ ದಂಡನಾಯಕನಿಂದ ಕಟ್ಟಲ್ಪಟ್ಟಿತು. ಅದರ ಭಿತ್ತಿಯಲ್ಲಿ ಅಂಧಕಾಸುರನನ್ನು ಮೆಟ್ಟಿ ನರ್ತಿಸುವ ಶಿವನುಂಟು, ಕೈಲಾಸವನ್ನೆತ್ತುವ ರಾವಣನುಂಟು. ದೇವರು ಎಂತಹವನೆಂಬುದನ್ನು ಅಲ್ಲಿ ಶಿಲ್ಪಿಯು ಕಲ್ಲಿನಿಂದ ಹೇಳಿರುವನು. ಇದೇ ನಾಡಿನಲ್ಲಿ ಮುಂದೆ ಕ್ರೈಸ್ತ ಗ್ರಂಥವನ್ನು ಕನ್ನಡಿಸಹೊರಟವರಿಗೆ ಅದೇ ವಿಷಯವನ್ನು ಕೇವಲ ಮಾತಿನಿಂದ ಹೇಳಬೇಕಾಯಿತು. ಅವರು ಆರಿಸಿಕೊಂಡ ಮುಖ್ಯ ಶಬ್ದವು ಯಾವುದು, ಅದು ಅವರ ಅಭಿಪ್ರಾಯವನ್ನು ಎಷ್ಟರಮಟ್ಟಿಗೆ ಹೊರಬಲ್ಲುದಾಯಿತು ಎಂಬುದೇ ಇಲ್ಲಿಯ ವಿಚಾರ.

ಈ ಕಾರ್ಯವು ಸಾಧ್ಯವೇ ಎಂಬ ಸಂಶಯವು ಮೊದಲು ಬಲವಾಗಿ ಕೇಳಿಬಂದುದು ಬಸರಾಳಿಗೆ ದೂರವಲ್ಲದ ಶ್ರೀರಂಗಪಟ್ಟಣವನ್ನು ಬಲ್ಲ ಒಬ್ಬ ಪಾದ್ರಿಯಿಂದಲೇ. ಹದಿನೇಳನೆಯ ಶತಮಾನದ ನಡುವೆ ಲಿಯೊನಾರ್ಡೊ ಚಿನ್ನಮಿ ಎಂಬ ಜೆಸ್ವಿಟ್ ಪಾದ್ರಿಯು ಆ ಪಟ್ಟಣಕ್ಕೆ ಬಂದು ಮೈಸೂರು ಸೀಮೆಯಲ್ಲಿ ಕ್ರೈಸ್ತಬೋಧೆಯನ್ನಾರಂಭಿಸಿದನು. ೧೭೯೯ರಲ್ಲಿ ಟಿಪ್ಪುವಿನ ಪತನವಾದ ಮೇಲೆ, ಚೆದರಿದ್ದ ಅಲ್ಲಿಯ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವನು ಫ್ರೆಂಚ್ ಪಾದ್ರಿಯಾದ ಅಬ್ಬೆ ಡುಬಾಯ್. ಈತನು ಮೂವತ್ತು ವರ್ಷಗಳ ಕಾಲ ಈ ದೇಶದಲ್ಲಿದ್ದು ೧೮೨೩ರಲ್ಲಿ ಸ್ವದೇಶಕ್ಕೆ ಹಿಂದಿರುಗಿದನು. ಅದೇ ವರ್ಷ ಪ್ರಕಟವಾದ ತನ್ನ ಪತ್ರಗಳಲ್ಲಿ, ಸತ್ಯವೇದದ ಮೂಲವನ್ನು ಹಾಗೆಯೇ ಭಾಷಾಂತರಿಸಿ ಹಿಂದೂಗಳ ಕೈಗೆ ಕೊಡುವುದು ನಿಷ್ಫಲವೆಂದೂ, ಅದರಿಂದ ಹಾನಿಯೇ ಹೆಚ್ಚೆಂದೂ ವಾದಿಸಿದನು. ಆತನು ಕೊಟ್ಟ ನಿದರ್ಶನವು ಗಮನಾರ್ಹವಾದುದು. ಮನೆಬಿಟ್ಟುಹೋದ ಮಗನು ಹಿಂದಿರುಗಿದಾಗ ತಂದೆಯು ಕೊಬ್ಬಿದ ಕರುವನ್ನು ಕೊಯ್ಯಿಸಿ ಔತಣ ಮಾಡಿಸಿದನೆಂಬ ಲೂಕನ ಸುವಾರ್ತೆಯ ಕಥೆಯನ್ನು ಆತನು ಬೋಧಿಸಿದಾಗ, ಕೇಳುವವರು ಕರುವಿನ ಮಾತಿಗೆ ಬೇಸರಗೊಂಡು, ಮುಂದೆ ಕರುವಿಗೆ ಬದಲು ಕುರಿಮರಿ ಎನ್ನಬೇಕೆಂದು ಸೂಚಿಸಿದರಂತೆ. ದೇವರ ಕರುಣೆಯನ್ನು ತೋರಿಸುವುದಕ್ಕಾಗಿಯೇ ಹೇಳಿದ ಕಥೆಯಲ್ಲಿ ಆ ಕರುಣೆಯು ಮರೆಯಾಗಿ ಕರುವು ಮಾತ್ರ ಕೇಳಿಸಿತು. ಡುಬಾಯನ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕಲಾಗದು.

ಆದರೆ ಅಷ್ಟರಲ್ಲಿಯೇ ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವನು, ಮುಂದೆ ಕನ್ನಡ ನಿಘಂಟುಗಳನ್ನು ರಚಿಸಿದ ವಿಲಿಯಂ ರೀವನೊಡಗೂಡಿ, ಭಾಷಾಂತರದಲ್ಲಿ ತೊಡಗಿದ್ದನು. ೧೮೩೧ರ ವೇಳೆಗೆ ಇಡೀ ಸತ್ಯವೇದವು ಕನ್ನಡದಲ್ಲಿ ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಶನ್ನಿನ ವೈಗ್ಲೆ ಮೊದಲಾದವರು ಶತಮಾನದ ನಡುವೆ ಅದನ್ನು ಪರಿಷ್ಕರಿಸಲು ಕೈಹಾಕಿದರು. ಹೀಗೆ ಬೆಳೆದು ಪ್ರೊಟೆಸ್ಟಂಟ್ ಸಭೆಗಳಲ್ಲಿ ಬಹುಕಾಲ ಓದಲ್ಪಟ್ಟ ಪಾಠದಲ್ಲಿ ಈಶ್ವರ, ಪರಬ್ರಹ್ಮ ಮೊದಲಾದವುಗಳಲ್ಲ, “ದೇವರು” ಎಂಬುದೇ ನಿಂತ ಶಬ್ದ.

ಈ ಶಬ್ದದ ರೂಪವನ್ನು ಪರಿಶೀಲಿಸಬೇಕು. “ದೇವ” ಎಂಬ ಸಂಸ್ಕೃತ ಶಬ್ದಕ್ಕೆ ಕನ್ನಡದ ಬಹುವಚನ ಪ್ರತ್ಯಯವು ಸೇರಿ “ದೇವರು” ಆಗಿದೆ. ಅರ್ಥದಲ್ಲಿ ಮಾತ್ರ ಅದು ಏಕವಚನ. ಅನೇಕರನ್ನು ಹೇಳಬೇಕಾದರೆ “ದೇವರುಗಳು” ಎಂದು ಇನ್ನೊಂದು ಪ್ರತ್ಯಯ ಬೇಕಾಗುವುದೇ ಇದಕ್ಕೆ ಸಾಕ್ಷಿ. ಹೊಯ್ಸಳರ ಕಾಲದ ಶಾಸನಗಳು ದೇವತೆಯ ಹೆಸರಿನ ಮುಂದೆ ಈ ಗೌರವರೂಪವನ್ನಿಟ್ಟು ದತ್ತಿಗಳನ್ನು ಹೇಳುವುದು ಶಾಸನಾಭ್ಯಾಸಿಗಳಿಗೆ ಪರಿಚಿತವೇ ಆಗಿದೆ. ಹಳೆಯ ಸತ್ಯವೇದವು ಈ ಶಬ್ದದೊಡನೆ ಏಕವಚನ ಪುಲ್ಲಿಂಗದ ಕ್ರಿಯಾಪದವನ್ನು ಸೇರಿಸುತ್ತದೆ: ದೇವರು ಉಂಟುಮಾಡಿದನು, ದೇವರು ಕೊಟ್ಟನು. ವ್ಯಾಕರಣದ ಕಣ್ಣಿಗೆ ಇದು ವಚನಭಂಗವೆಂದು ತೋರಬಹುದು. ಆದರೆ “ದೇವರು ದೊಡ್ಡವನು” ಎಂದು ನಮ್ಮ ಹಳ್ಳಿಗರು ದಿನವೂ ಆಡುವ ಮಾತಿನಲ್ಲಿರುವುದೂ ಇದೇ ಪ್ರಯೋಗವಲ್ಲವೇ? ಭಾಷಾಂತರಕಾರರು ಇದನ್ನು ಹೊಸದಾಗಿ ಕಲ್ಪಿಸಲಿಲ್ಲ. ಜನರ ಬಾಯಲ್ಲಿದ್ದುದನ್ನೇ ಅಂಗೀಕರಿಸಿದರೆಂದು ಹೇಳಬೇಕು.

ಇಲ್ಲೊಂದು ಸೋಜಿಗವಿದೆ. ಹೀಬ್ರೂ ಮೂಲದ ಮೊದಲ ವಾಕ್ಯದಲ್ಲಿ ದೇವರನ್ನು ಹೇಳುವ “ಏಲೋಹೀಮ್” ಎಂಬ ಶಬ್ದವು ರೂಪದಲ್ಲಿ ಬಹುವಚನ. ಅದರೊಡನಿರುವ “ಬಾರಾ” ಎಂಬ ಕ್ರಿಯಾಪದವು ಏಕವಚನ. ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ಭಾಷಾಂತರಗಳಲ್ಲಿ ಈ ಸೂಕ್ಷ್ಮವು ಉಳಿಯುವುದಿಲ್ಲ. ಕನ್ನಡದಲ್ಲಿ ಅಪ್ರಯತ್ನವಾಗಿ ಉಳಿದಿದೆ. ಇದರಿಂದ ಸಿದ್ಧಾಂತಗಳನ್ನು ಕಟ್ಟಲಾಗದು. ಪ್ರಾಚೀನ ಕ್ರೈಸ್ತ ವ್ಯಾಖ್ಯಾನಕಾರರಲ್ಲಿ ಕೆಲವರು ಹೀಬ್ರೂ ಬಹುವಚನದಲ್ಲಿ ತ್ರಿತ್ವದ ಸೂಚನೆಯನ್ನು ಕಂಡರು. ವೈಯಾಕರಣರು ಅದನ್ನು ಮಹಿಮೆಯನ್ನು ಸೂಚಿಸುವ ಬಹುವಚನವೆಂದೇ ಎಣಿಸುವರು. ನಾಮಪದದಲ್ಲಿ ಮಹಿಮೆ, ಕ್ರಿಯಾಪದದಲ್ಲಿ ಏಕತ್ವ ಎಂಬಷ್ಟನ್ನು ಮಾತ್ರ ನಾವು ನಿಶ್ಚಯವಾಗಿ ಹೇಳಬಹುದು.

ಆದರೆ ನಾಮದಿಂದಲೇ ಸ್ವಭಾವವು ತಿಳಿಯದು. ವಿಮೋಚನಕಾಂಡದ ಮೂವತ್ತನಾಲ್ಕನೆಯ ಅಧ್ಯಾಯದಲ್ಲಿ ದೇವರು ಮೋಶೆಗೆ ತನ್ನನ್ನು ಕನಿಕರವುಳ್ಳವನೆಂದೂ ಕೋಪಕ್ಕೆ ನಿಧಾನಿಯೆಂದೂ ಅಪರಾಧವನ್ನು ಕ್ಷಮಿಸುವವನೆಂದೂ, ಆದರೂ ಅಪರಾಧಿಯನ್ನು ನಿರಪರಾಧಿಯೆಂದೆಣಿಸದವನೆಂದೂ ತಿಳಿಸುತ್ತಾನೆ. ಕ್ರೈಸ್ತರು ಈ ಲಕ್ಷಣಗಳು ಯೇಸುವಿನ ನಡತೆಯಲ್ಲಿ ಪ್ರತ್ಯಕ್ಷವಾದುವೆಂದು ನಂಬುವರು. ಅಂದಮೇಲೆ ಅವರ ದೇವರನ್ನು ಅರಿಯಬೇಕಾದುದು ಮುಖ್ಯವಾಗಿ ಕ್ರಿಯೆಗಳಿಂದ. ಲೂಕನ ಕಥೆಯಲ್ಲಿಯೂ ಮುಖ್ಯವಾದುದು ಕರುವಲ್ಲ. ಮಗನನ್ನು ದೂರದಲ್ಲಿ ಕಂಡೊಡನೆಯೇ ವೃದ್ಧನಾದ ತಂದೆಯು ಓಡಿಹೋದುದು. ಕನ್ನಡ ಪಾಠದಲ್ಲಿ ಕರುವು ಕರುವಾಗಿಯೇ ಉಳಿಯಿತು. ತಂದೆಯ ಓಟವೂ ಉಳಿಯಿತು. ಡುಬಾಯನಿಗೆ ಭಾಷಾಂತರಕಾರರು ಕೊಟ್ಟ ಉತ್ತರವಿದೆಂದು ತಿಳಿಯಬಹುದು.

ಈಚಿನ ಕನ್ನಡ ಪಾಠದಲ್ಲಿ ಕ್ರಿಯಾಪದವೂ ಗೌರವ ಬಹುವಚನಕ್ಕೆ ತಿರುಗಿದೆ. ಪ್ರಾರ್ಥನೆಯ “ನಿನ್ನ ನಾಮ” ಎಂಬುದು “ನಿಮ್ಮ ನಾಮ” ಎಂದಾಗಿದೆ. ಹಿರಿಯರನ್ನು ಏಕವಚನದಲ್ಲಿ ಹೇಳುವುದು ಇಂದಿನ ಶಿಷ್ಟರ ಕಿವಿಗೆ ಒರಟಾಗುವುದರಿಂದ ಈ ಮಾರ್ಪಾಟು ಅಕಾರಣವಲ್ಲ. ಆದರೆ ಶರಣರೂ ದಾಸರೂ ತಮ್ಮ ದೇವರನ್ನು “ನೀನು” ಎಂದೇ ಕರೆದರು. ಅದು ಸಲಿಗೆಯೇ ಹೊರತು ಅನಾದರವಲ್ಲ. ಓಡಿಬಂದು ಅಪ್ಪಿಕೊಂಡ ತಂದೆಯನ್ನು ಮಗನು ಯಾವ ವಚನದಿಂದ ಕರೆಯಬೇಕು? ಹಳೆಯ ಪಾಠವು ಸಾಮೀಪ್ಯವನ್ನು ಕಾಯ್ದಿತು. ಹೊಸದು ಮರ್ಯಾದೆಯನ್ನು ಕಾಯುತ್ತದೆ. ಎರಡನ್ನೂ ಒಂದೇ ವಾಕ್ಯದಲ್ಲಿ ಕೂಡಿಸಬಲ್ಲುದಾಗಿದ್ದುದು “ದೇವರು ದೊಡ್ಡವನು” ಎಂಬ ಹಳ್ಳಿಯ ಮಾತು. ಅದನ್ನು ಬಿಡುವಾಗ ಏನನ್ನು ಬಿಡುತ್ತಿರುವೆವೆಂಬುದನ್ನಾದರೂ ಅರಿತು ಬಿಡುವುದು ಯುಕ್ತ.