ಹೆಬ್ಬಾಳದ ಸೀರಂ, ಲ್ಯಾಬಿನ ಕುರಿ ರಕ್ತ

ಚಿಕ್ಕಜಾಲದಲ್ಲಿ ಬಸ್ ಹತ್ತಿ ಬಳ್ಳಾರಿ ರಸ್ತೆಯಲ್ಲಿ ಬೆಂಗಳೂರಿನ ಕಡೆ ಹೊರಟರೆ ಹೆಬ್ಬಾಳ ಸಿಗುತ್ತದೆ. ಅಲ್ಲಿ 1925ರಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾಯಿತು. ಆಗ ದೊಡ್ಡರೋಗ ಬಂದರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿಯಾಗುತ್ತಿತ್ತು. ರೋಗ ತಡೆಯುವ ಶಕ್ತಿ ಬಂದ ದನದ ರಕ್ತ ತೆಗೆದು, ಅದರ ತಿಳಿಯನ್ನು ಬೇರೆ ದನಗಳಿಗೆ ಚುಚ್ಚುತ್ತಿದ್ದರು. ಆ ತಿಳಿಯೇ ಸೀರಂ. ರೋಗದ ಜೊತೆ ಹೋರಾಡುವ ಪ್ರತಿಕಾಯಗಳು ಅದರಲ್ಲಿರುತ್ತವೆ. 2011ರಲ್ಲಿ ದೊಡ್ಡರೋಗ ಇಡೀ ಜಗತ್ತಿನಿಂದಲೇ ಹೋಯಿತೆಂದು ಘೋಷಣೆಯಾಯಿತು.

ದನ ಉಳಿಸಿದ ಇದೇ ಪ್ರತಿಕಾಯ ಇನ್ನೊಂದು ಕೆಲಸಕ್ಕೆ ಅಡ್ಡಿ. ಅದು ಲ್ಯಾಬಿನಲ್ಲಿ ರೋಗಾಣು ಬೆಳೆಸುವ ಕೆಲಸ.

ರೋಗ ಯಾವುದೆಂದು ತಿಳಿಯಲು ಮೊದಲು ಅದರ ಅಣುವನ್ನು ಬೆಳೆಸಿ ನೋಡಬೇಕು. ಜರ್ಮನಿಯ ರಾಬರ್ಟ್ ಕಾಖ್ ಅವರ ಲ್ಯಾಬಿನಲ್ಲಿ ಇದಕ್ಕೆ ಜೆಲಟಿನ್ ಬಳಸುತ್ತಿದ್ದರು. ಸೆಕೆಗೆ ಅದು ಕರಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಅಡುಗೆಮನೆಯ ಅಗರ್ ಬಳಸಿ ಎಂದವರು ಹೆಂಡತಿ ಫ್ಯಾನಿ. ನಮ್ಮ ಅಂಗಡಿಗಳಲ್ಲಿ ಸಿಗುವ ಚೈನಾ ಗ್ರಾಸ್ ಅದೇ. 1882ರ ಹೊತ್ತಿಗೆ ಅಗರ್ ಬಳಕೆಗೆ ಬಂತು.

ಕೆಲವು ಅಣುಗಳು ಬರೀ ಅಗರ್‌ನಲ್ಲಿ ಬೆಳೆಯಲಿಲ್ಲ. 1890ರ ದಶಕದಲ್ಲಿ ರಿಚರ್ಡ್ ಫೈಫರ್ ಅದಕ್ಕೆ ರಕ್ತ ಸೇರಿಸಿ ಬೆಳೆಸಿದರು. ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್ ರಕ್ತದ ತಟ್ಟೆಯಲ್ಲಿ ಕೆಂಪು ಕಣಗಳನ್ನು ಒಡೆದು, ಸುತ್ತ ತಿಳಿಯಾದ ಉಂಗುರ ಬಿಡುತ್ತದೆ. 1919ರಲ್ಲಿ ಜೇಮ್ಸ್ ಬ್ರೌನ್ ಈ ಉಂಗುರಗಳನ್ನು ಆಲ್ಫಾ, ಬೀಟಾ, ಗಾಮಾ ಎಂದು ವಿಂಗಡಿಸಿದರು.

ಹಾಗಾದರೆ ಯಾರ ರಕ್ತ? ಹಲವು ಕಡೆ ಲ್ಯಾಬುಗಳಿಗೆ ಸುಲಭವಾಗಿ ಸಿಗುವುದು ಬ್ಲಡ್ ಬ್ಯಾಂಕಿನಲ್ಲಿ ಅವಧಿ ಮುಗಿದ ಮನುಷ್ಯರ ರಕ್ತ. ಅದರಲ್ಲಿ ಹಿಂದೆ ಬಂದುಹೋದ ಕಾಯಿಲೆಗಳ ಪ್ರತಿಕಾಯ, ತಿಂದ ಮಾತ್ರೆಯ ಅಂಶ ಇರಬಹುದು. ಅಣು ಬೆಳೆಯದೆ ಹೋಗಬಹುದು, ಉಂಗುರ ಮಸುಕಾಗಬಹುದು. ಕೆಲಸ ಮಾಡುವವರಿಗೆ ಎಚ್‌ಐವಿ, ಕಾಮಾಲೆ ತಗಲುವ ಭಯ ಬೇರೆ. ಅದಕ್ಕೇ ಸುಮಾರು 5% ಕುರಿ ರಕ್ತ ಹಾಕಿದ ತಟ್ಟೆ ವಾಡಿಕೆಯಾಯಿತು. ಉಣ್ಣೆ ಕುರಿ ಸಾಕುವುದು ಬಿಸಿಲಿನ ದೇಶಗಳಿಗೆ ಕಷ್ಟ. ಉಣ್ಣೆಯಿಲ್ಲದ, ಕೂದಲಿನ ಕುರಿಯ ರಕ್ತವೂ ಈ ಕೆಲಸಕ್ಕೆ ಸಾಕು ಎಂದು 2009ರ ಒಂದು ಅಧ್ಯಯನ ತೋರಿಸಿತು.

ಇದು ಲ್ಯಾಬಿನವರ ತಲೆನೋವು ಮಾತ್ರವಲ್ಲ. ಆ ಗಂಟಲು ನೋವನ್ನು ಗುರುತಿಸಿ ಔಷಧಿ ಕೊಡದಿದ್ದರೆ ಕೆಲವು ಮಕ್ಕಳಿಗೆ ಕೀಲುಜ್ವರ ಬಂದು ಹೃದಯದ ಕವಾಟ ಕೆಡುತ್ತದೆ. ಕುರಿ ಎಂದರೆ ನಮಗೆ ಮಾಂಸ, ಗೊಬ್ಬರ, ಕಂಬಳಿ. ಅದರ ನಾಲ್ಕು ಹನಿ ರಕ್ತ ಮಗುವಿನ ಹೃದಯವನ್ನೂ ಕಾಯುತ್ತದೆ ಎಂಬುದು ನಮಗೂ ಹೊಸ ಪಾಠ.