ಹನ್ನೆರಡು ಮಂದಿಯನ್ನು ಆರಿಸುವ ಬಗೆ

ನಮ್ಮ ತಂದೆಯವರ ಕಪಾಟಿನಲ್ಲಿ ಆಲೂರು ವೆಂಕಟರಾಯರು ಕನ್ನಡಕ್ಕೆ ತಂದ ‘ಗೀತಾರಹಸ್ಯ’ವಿತ್ತು. ಹುಡುಗನಾಗಿದ್ದ ನನಗೆ ಆ ದಪ್ಪ ಪುಸ್ತಕವನ್ನು ಓದುವ ಧೈರ್ಯವಿರಲಿಲ್ಲ. ಅದು ಮಂಡಾಲೆಯ ಸೆರೆಮನೆಯಲ್ಲಿ ಬರೆದದ್ದೆಂಬ ಮಾತು ಮಾತ್ರ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. ಲೋಕಮಾನ್ಯರನ್ನು ಅಲ್ಲಿಗೆ ಕಳುಹಿಸಿದವರು ಯಾರೆಂದು ಒಮ್ಮೆ ಕೇಳಿದೆ. ತಂದೆಯವರು ಸರ್ಕಾರವೆಂದೂ ಹೇಳಲಿಲ್ಲ, ಜಡ್ಜಿಯೆಂದೂ ಹೇಳಲಿಲ್ಲ. ‘ಒಂಬತ್ತು ಮಂದಿ ಜ್ಯೂರರು’ ಎಂದರು. ಆ ಉತ್ತರದ ಅರ್ಥ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

1908ರ ಜುಲೈ ತಿಂಗಳಲ್ಲಿ ಮುಂಬಯಿ ಹೈಕೋರ್ಟಿನಲ್ಲಿ, ನ್ಯಾಯಮೂರ್ತಿ ದಾವರ್ ಅವರ ಮುಂದೆ, ತಿಲಕರ ಮೇಲಿನ ರಾಜದ್ರೋಹದ ವಿಚಾರಣೆ ನಡೆಯಿತು. ‘ಕೇಸರಿ’ಯ ಲೇಖನಗಳೇ ಅಪರಾಧಕ್ಕೆ ಆಧಾರ, ಅವು ಇದ್ದದ್ದು ಮರಾಠಿಯಲ್ಲಿ. ಸರ್ಕಾರ ವಿಶೇಷ ಜ್ಯೂರಿಯನ್ನು ಬೇಡಿತು. ಹಾಗೆ ಮಾಡಿದರೆ ಮರಾಠಿ ತಿಳಿಯದ ಯುರೋಪಿಯನ್ನರೇ ಹೆಚ್ಚಾಗಿ ಬಂದು ಕೂಡುವರೆಂದು ತಿಲಕರ ಪಕ್ಷದವರು ಆಕ್ಷೇಪಿಸಿದರು. ಆಕ್ಷೇಪಣೆ ನಿಲ್ಲಲಿಲ್ಲ. ಬಂದ ಒಂಬತ್ತು ಮಂದಿಯಲ್ಲಿ ಏಳು ಮಂದಿ ಯುರೋಪಿಯನ್ನರು, ಇಬ್ಬರು ಭಾರತೀಯರು. ಭಾಷಾಂತರವೇ ಸರಿಯಿಲ್ಲವೆಂದು ತಿಲಕರು ತಾವೇ ನಿಂತು ದಿನಗಟ್ಟಲೆ ವಾದಿಸಿದರು. ಕೊನೆಗೆ ಏಳು ಮಂದಿ ಅಪರಾಧಿಯೆಂದರು, ಇಬ್ಬರು ಅಲ್ಲವೆಂದರು. ಆರು ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ‘ನಿಮಗೆ ಮರಾಠಿ ಬರುತ್ತದೆಯೆ?’ ಎಂಬ ಒಂದು ಸಣ್ಣ ಪ್ರಶ್ನೆಗೆ ಅಲ್ಲಿ ಬೆಲೆಯಿದ್ದಿದ್ದರೆ ಜ್ಯೂರಿಯೇ ಬೇರೆಯಾಗುತ್ತಿತ್ತು.

ಜ್ಯೂರರನ್ನು ಹೀಗೆ ಪ್ರಶ್ನಿಸಿ ಆರಿಸುವ ಪದ್ಧತಿ ಹುಲುಸಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿ ಕರೆ ಬಂದವರೆಲ್ಲರೂ ಜ್ಯೂರರಾಗುವುದಿಲ್ಲ. ಪಕ್ಷಪಾತವಿದೆಯೆಂದು ಕಂಡವರನ್ನು ನ್ಯಾಯಾಧೀಶರು ಬಿಡಿಸುತ್ತಾರೆ. ಇನ್ನು ಕೆಲವರನ್ನು, ಎಣಿಕೆಯ ಮಿತಿಯೊಳಗೆ, ಕಾರಣ ಹೇಳದೆಯೇ ಬಿಡಿಸುವ ಹಕ್ಕು ಎರಡೂ ಪಕ್ಷದ ವಕೀಲರಿಗುಂಟು. ಆದರೆ ಯಾರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯುವುದು ಹೇಗೆ? ಕೇಳಿಯೇ ತಿಳಿಯಬೇಕು.

ಈ ತೊಡಕು ಬಹಳ ಹಳೆಯದು. 1807ರಲ್ಲಿ ಮಾಜಿ ಉಪಾಧ್ಯಕ್ಷ ಆರನ್ ಬರ್‌ನ ಮೇಲೆ ದೇಶದ್ರೋಹದ ಆಪಾದನೆ ಬಂದು ರಿಚ್ಮಂಡ್ ನಗರದಲ್ಲಿ ವಿಚಾರಣೆ ನಡೆಯಿತು. ಅವನು ತಪ್ಪಿತಸ್ಥನೆಂದು ಅಧ್ಯಕ್ಷ ಜೆಫರ್ಸನ್ನನೇ ಮೊದಲು ಸಾರಿಬಿಟ್ಟಿದ್ದ. ಪತ್ರಿಕೆಗಳು ಅದನ್ನು ಮನೆಮನೆಗೂ ಮುಟ್ಟಿಸಿದ್ದವು. ಏನನ್ನೂ ಕೇಳಿರದ ಜ್ಯೂರರನ್ನು ತರುವುದೆಲ್ಲಿಂದ? ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ಒಂದು ವಿವೇಕದ ಗೆರೆ ಎಳೆದ. ಸಾಕ್ಷ್ಯ ಕೇಳಿದೊಡನೆ ಕರಗಿಹೋಗುವ ತೆಳುವಾದ ಅಭಿಪ್ರಾಯವಿದ್ದವನು ಕುಳಿತುಕೊಳ್ಳಬಹುದು. ಸಾಕ್ಷ್ಯಕ್ಕೇ ಬಾಗಿಲು ಮುಚ್ಚುವಷ್ಟು ಬಲವಾಗಿ ಬೇರೂರಿದ ಅಭಿಪ್ರಾಯವಿದ್ದವನು ಕೂಡದು. ಬರ್ ಕೊನೆಗೆ ಬಿಡುಗಡೆಯಾದ.

ಗೆರೆ ಎಳೆಯುವುದು ಸುಲಭ. ಎದುರಿಗಿರುವವನು ಯಾವ ಕಡೆ ನಿಂತಿದ್ದಾನೆಂದು ಹೇಳುವುದು ಕಷ್ಟ. 1955ರಲ್ಲಿ ಇಂಡಿಯಾನಾ ಸಂಸ್ಥಾನದಲ್ಲಿ ಲೆಸ್ಲಿ ಅರ್ವಿನ್ ಎಂಬವನ ಕೊಲೆ ಮೊಕದ್ದಮೆ ನಡೆಯಿತು. ಕರೆಸಿದ 430 ಮಂದಿಯಲ್ಲಿ 268 ಮಂದಿ, ಅವನು ತಪ್ಪಿತಸ್ಥನೆಂದು ಆಗಲೇ ನಿಶ್ಚಯಿಸಿಕೊಂಡವರೆಂದು, ಹೊರಬಿದ್ದರು. ಉಳಿದವರಿಂದ ಆರಿಸಿದ ಹನ್ನೆರಡರಲ್ಲೂ ಎಂಟು ಮಂದಿ, ತಮಗೆ ಅವನು ಅಪರಾಧಿಯಂತೆ ತೋರುತ್ತಾನೆಂದು ಒಪ್ಪಿಕೊಂಡರು. ಆದರೂ ನಿಷ್ಪಕ್ಷಪಾತವಾಗಿ ನಡೆಯುವೆವೆಂದು ಮಾತು ಕೊಟ್ಟರು. ಮರಣದಂಡನೆಯಾಯಿತು. 1961ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಅವರು ಮನಸ್ಸಾರೆ ಹೇಳಿದ್ದರೂ ಆ ಮಾತಿನ ಮೇಲೆ ಒಬ್ಬನ ಪ್ರಾಣವನ್ನು ನಿಲ್ಲಿಸಲಾಗದೆಂಬುದು ತೀರ್ಪಿನ ತಾತ್ಪರ್ಯ.

ಇಲ್ಲಿಯೇ ಬರಹದ ಪ್ರಶ್ನಾವಳಿಯ ಪ್ರಯೋಜನ ಕಾಣುವುದು. ತುಂಬಿದ ಕೋರ್ಟಿನಲ್ಲಿ, ನ್ಯಾಯಾಧೀಶರ ಎದುರಿಗೆ, ‘ನೀವು ನಿಷ್ಪಕ್ಷಪಾತಿಗಳೆ?’ ಎಂದು ಕೇಳಿದರೆ ಇಲ್ಲವೆನ್ನುವ ಗಟ್ಟಿಗರು ಎಷ್ಟು ಮಂದಿ? ಮರ್ಯಾದಸ್ಥ ಮನುಷ್ಯ ತಲೆಯಾಡಿಸುತ್ತಾನೆ. ಅವನನ್ನು ನೋಡಿ ಪಕ್ಕದವನೂ ಆಡಿಸುತ್ತಾನೆ. ಕಾಗದದ ಮುಂದೆ ಒಬ್ಬನೇ ಕುಳಿತಾಗ ಸಂಕೋಚ ಕಡಮೆ. ಯಾವ ಪತ್ರಿಕೆ ಓದುತ್ತೀರಿ, ಮನೆಯವರಲ್ಲಿ ಪೋಲೀಸರಿದ್ದಾರೆಯೆ, ನಿಮ್ಮ ಮನೆಯಲ್ಲಿ ಎಂದಾದರೂ ಕಳ್ಳತನವಾಗಿದೆಯೆ, ಮರಣದಂಡನೆಯ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು—ಇಂಥ ನೇರ ಪ್ರಶ್ನೆಗಳಿಗೆ ಬರುವ ಉತ್ತರಗಳಿಂದ ಮನುಷ್ಯನ ಒಲವು ತಾನಾಗಿ ತೋರುತ್ತದೆ.

ಬಾಸ್ಟನ್ ನಗರದಲ್ಲಿ 2013ರ ಏಪ್ರಿಲಿನಲ್ಲಿ ಮ್ಯಾರಥಾನ್ ಓಟದ ಕೊನೆಯ ಗೆರೆಯ ಬಳಿ ಬಾಂಬು ಸಿಡಿದು ಮೂವರು ಸತ್ತು ನೂರಾರು ಜನ ಗಾಯಗೊಂಡರು. ಆಪಾದಿತ ಜೋಖರ್ ತ್ಸರ್ನಾಯೆವ್‌ನ ವಿಚಾರಣೆಗೆ 1,373 ಮಂದಿಯನ್ನು ಕರೆಸಿ, ನೂರು ಪ್ರಶ್ನೆಗಳ 28 ಪುಟದ ಪ್ರಶ್ನಾವಳಿಯನ್ನು ಕೊಟ್ಟರು. ಉತ್ತರಗಳನ್ನು ಓದಿ 256 ಮಂದಿಯನ್ನು ಮತ್ತೆ ಕರೆದು, ಮೂರು ವಾರ ಮುಖಾಮುಖಿ ಪ್ರಶ್ನಿಸಿ, ಹನ್ನೆರಡು ಮಂದಿಯನ್ನು ಆರಿಸಿದರು. ಇದಕ್ಕಿಂತ ಎಚ್ಚರಿಕೆ ಬೇಕೆ? ಆದರೂ ಒಂದು ಪ್ರಶ್ನೆ ಉಳಿದುಹೋಗಿತ್ತು. ‘ಈ ಮೊಕದ್ದಮೆಯ ಬಗ್ಗೆ ಈಗಾಗಲೇ ಏನೇನು ಕೇಳಿದ್ದೀರಿ?’ ಎಂದು ಬರೆಸಬೇಕೆಂಬ ಕೋರಿಕೆಯನ್ನು ನ್ಯಾಯಾಧೀಶರು ಒಪ್ಪಿರಲಿಲ್ಲ. ಇದು ಮುಖ್ಯ ಕಾರಣಗಳಲ್ಲೊಂದಾಗಿ 2020ರಲ್ಲಿ ಮೇಲಿನ ಕೋರ್ಟು ಮರಣದಂಡನೆಯನ್ನು ತೆಗೆದುಹಾಕಿತು. 2022ರಲ್ಲಿ ಸುಪ್ರೀಂ ಕೋರ್ಟು, ಆರು ನ್ಯಾಯಾಧೀಶರು ಒಂದು ಕಡೆ ಮೂವರು ಇನ್ನೊಂದು ಕಡೆಯಾಗಿ, ಅದನ್ನು ಮತ್ತೆ ಎತ್ತಿಹಿಡಿಯಿತು. ಅಲ್ಲಿಗೂ ಮುಗಿಯಲಿಲ್ಲ. ಇಬ್ಬರು ಜ್ಯೂರರು ಪಕ್ಷಪಾತಿಗಳಾಗಿದ್ದರೆಂಬ ದೂರನ್ನು ಸರಿಯಾಗಿ ವಿಚಾರಿಸಬೇಕೆಂದು 2024ರ ಮಾರ್ಚಿಯಲ್ಲಿ ಮೇಲಿನ ಕೋರ್ಟು ಆದೇಶಿಸಿತು. ಕಾಗದ ಪ್ರಶ್ನೆ ಕೇಳಬಲ್ಲದು. ಉತ್ತರ ನಿಜವಾಗುವಂತೆ ಮಾಡಲಾರದು.

ಇದಕ್ಕಿಂತಲೂ ನನ್ನನ್ನು ಕದಲಿಸಿದ್ದು ಜಾರ್ಜಿಯಾ ಸಂಸ್ಥಾನದ ಒಂದು ಕಥೆ. ಜನಾಂಗವನ್ನು ನೋಡಿ ಜ್ಯೂರರನ್ನು ಬಿಡಿಸಬಾರದೆಂದು ಸುಪ್ರೀಂ ಕೋರ್ಟು 1986ರಲ್ಲಿ ವಿಧಿಸಿತು. ಮರುವರ್ಷ ಅಲ್ಲಿ ತಿಮೋತಿ ಫಾಸ್ಟರ್ ಎಂಬ ಕಪ್ಪು ಜನಾಂಗದ ತರುಣನ ಕೊಲೆ ಮೊಕದ್ದಮೆ ಬಂತು. ಕರೆ ಬಂದವರೆಲ್ಲ ವಿವರವಾದ ಪ್ರಶ್ನಾವಳಿಯನ್ನು ತುಂಬಿದರು. ಉಳಿದಿದ್ದ ನಾಲ್ವರು ಕಪ್ಪು ಜನರನ್ನೂ ಸರ್ಕಾರಿ ವಕೀಲರು ಬಿಡಿಸಿದರು. ಕೇಳಿದಾಗ ಒಬ್ಬೊಬ್ಬರಿಗೂ ಹಲವು ಕಾರಣಗಳನ್ನು ಹೇಳಿದರು. ಬಿಳಿಯರೇ ತುಂಬಿದ ಜ್ಯೂರಿ ಮರಣದಂಡನೆಗೆ ಒಪ್ಪಿತು.

ಸುಮಾರು ಇಪ್ಪತ್ತು ವರ್ಷಗಳ ಮೇಲೆ, ಸರ್ಕಾರಿ ದಾಖಲೆಗಳನ್ನು ನೋಡುವ ಕಾನೂನಿನ ಬಲದಿಂದ, ಆ ವಕೀಲರ ಕಡತ ಹೊರಬಿತ್ತು. ಪಟ್ಟಿಯಲ್ಲಿ ಕಪ್ಪು ಜನರ ಹೆಸರುಗಳಿಗೆ ಹಸುರು ಬಣ್ಣ ಬಳಿದಿತ್ತು. ‘ಖಂಡಿತ ಬೇಡ’ ಎಂಬ ಇನ್ನೊಂದು ಪಟ್ಟಿಯಲ್ಲಿ ಮೊದಲ ಐದು ಹೆಸರು ಅವರವೇ. ಅವರಲ್ಲಿ ಹಲವರು ತುಂಬಿಕೊಟ್ಟ ಪ್ರಶ್ನಾವಳಿಗಳಲ್ಲಿ, ‘ಜನಾಂಗ’ ಎಂಬ ಪ್ರಶ್ನೆಗೆ ಬರೆದ ಉತ್ತರದ ಸುತ್ತ ಗೆರೆ ಸುತ್ತಿತ್ತು. ಆಪಾದಿತನ ವಯಸ್ಸಿನ ಮಗನಿದ್ದಾನೆಂಬ ಕಾರಣ ಹೇಳಿ ಒಬ್ಬರನ್ನು ಬಿಡಿಸಿದ್ದರು. ಸುಮಾರು ಅದೇ ವಯಸ್ಸಿನ ಮಕ್ಕಳಿದ್ದ ಬಿಳಿಯರನ್ನು ಬೇಡವೆಂದಿರಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ಫಾಸ್ಟರನ ಪರವಾಗಿ ತೀರ್ಪಿತ್ತಿತು. ಕರೆ ಬಂದೊಡನೆ ಪ್ರಾಮಾಣಿಕವಾಗಿ ಬರೆದುಕೊಟ್ಟ ಆ ನಾಗರಿಕರನ್ನು ನಾನು ನೆನೆಯುತ್ತೇನೆ. ನ್ಯಾಯಕ್ಕೆಂದು ಕೊಟ್ಟ ಉತ್ತರವೇ ಅವರನ್ನು ಹೊರಗಿಡುವ ಗುರುತಾಯಿತು. ಆದರೂ ಅನ್ಯಾಯ ಬಯಲಿಗೆ ಬಂದದ್ದು ಆ ಕಾಗದ ಉಳಿದಿದ್ದರಿಂದಲೇ. ಬಾಯಿಮಾತಿನ ಅನ್ಯಾಯಕ್ಕೆ ಇಷ್ಟು ಗಟ್ಟಿಯಾದ ಸಾಕ್ಷಿ ಎಲ್ಲಿ ಸಿಕ್ಕೀತು?

ನಮ್ಮ ದೇಶದಲ್ಲಿ ಈ ಕಷ್ಟವನ್ನು ನಾವು ಬೇರೆ ರೀತಿಯಲ್ಲಿ ಕಳೆದುಕೊಂಡೆವು. 1959ರ ನಾನಾವತಿ ಮೊಕದ್ದಮೆಯಲ್ಲಿ ಮುಂಬಯಿಯೆಲ್ಲ ಪತ್ರಿಕೆಯ ಕೂಗಿನಿಂದ ತುಂಬಿದ್ದಾಗ, ಜ್ಯೂರಿ ಒಂದಕ್ಕೆ ಎಂಟರ ಬಹುಮತದಿಂದ ನಿರಪರಾಧಿಯೆಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಹೈಕೋರ್ಟಿಗೆ ಕಳುಹಿಸಿದರು, ಅಲ್ಲಿ ಶಿಕ್ಷೆಯಾಯಿತು. 1961ರಲ್ಲಿ ನಮ್ಮ ಸುಪ್ರೀಂ ಕೋರ್ಟೂ ಅದನ್ನೇ ಸರಿಯೆಂದಿತು. 1973ರ ಹೊಸ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಆದರೆ ತೀರ್ಪು ಹೇಳುವವರ ಮನಸ್ಸಿನಲ್ಲಿ ಮೊದಲೇ ಏನಿದೆಯೆಂಬ ಪ್ರಶ್ನೆ ಜ್ಯೂರಿಯ ಜೊತೆಯಲ್ಲಿ ಹೋಗಿಬಿಟ್ಟಿತೆಂದು ನಂಬುವಷ್ಟು ಸರಳತನ ನನಗಿಲ್ಲ.

ತಂದೆಯವರು ಹೇಳಿದ್ದು ಸರಿ. ಲೋಕಮಾನ್ಯರನ್ನು ಮಂಡಾಲೆಗೆ ಕಳುಹಿಸಿದವರು ಜ್ಯೂರರು. ಇಂದು ಮೊಮ್ಮಗ ಬಂದು ನನ್ನನ್ನು ಅದೇ ಪ್ರಶ್ನೆ ಕೇಳಿದರೆ ಆ ಉತ್ತರಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ: ಆ ಒಂಬತ್ತು ಮಂದಿಯನ್ನು ಹೇಗೆ ಆರಿಸಿದರೆಂಬುದನ್ನೂ ಕೇಳು, ಮಗು.