ಚೇತಕ್, ಹೀರೋ ಹೋಂಡಾ ಮತ್ತ ನನ್ನ ಪೆಟ್ರೋಲ್ ವಹಿ

ಮೊನ್ನೆ ಎದುರುಮನಿ ವೈನಿ "ನಮ್ಮ ಹುಡುಗನ ಗಾಡಿ ಪೆಟ್ರೋಲ್ ಭಾಳ ಕುಡೀತದ್ರಿ" ಅಂದಾಗ, ಟ್ರಂಕಿನಾಗಿಂದ ನನ್ನ ಹಳೇ ಖರ್ಚಿನ ವಹಿ ತಗದು ತೋರಿಸಿದೆ. ಇದನ್ನ ಬರದು ಹಾಕ್ರಿ ಅಂದರು. ಅದಕ್ಕ ಬರಿಯಾಕತ್ತೀನಿ.

ನನ್ನ ಮದುವಿ 1989ರಾಗ ಆತು. ಮನಿ ಧಾರವಾಡದಾಗ, ನಮ್ಮ ಮನಿಯವರ ನೌಕರಿ ಹುಬ್ಬಳ್ಳಿಯಾಗ. ಹೋಗಿ ಬಂದು ದಿನಾ 40 ಕಿಲೋಮೀಟರ್. ಗಾಡಿ ಸೆಕೆಂಡ್ ಹ್ಯಾಂಡ್ ಬಜಾಜ್ ಚೇತಕ್. ಚೇತಕ್ ಮಾರುಕಟ್ಟೆಗೆ ಬಂದದ್ದು 1972ರಲ್ಲಿ. ಹೊಸಾದು ಬೇಕಂದ್ರ ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕಿತ್ತು, ಹಿಂಗಾಗಿ ಹಳೇದು ಸಿಕ್ಕರೂ ಪುಣ್ಯೇವು.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿತು. ಎಲ್ಲಿಯ ಕುವೈತ್, ಎಲ್ಲಿಯ ನಮ್ಮ ಅಡಿಗಿಮನಿ! ಆದ್ರ ಪೆಟ್ರೋಲ್ ದರ ಏರಿತು, ಪಗಾರ ಏರಲಿಲ್ಲ. ಅವತ್ತಿಂದ ನಾ ವಹಿ ಹಿಡದೆ. ಗಾಡಿ ರಿಸರ್ವಿಗೆ ಬಂದಾಗ ಮೀಟರ್ ಎಷ್ಟಿತ್ತು, ಎಷ್ಟು ಲೀಟರ್ ಹಾಕಿಸಿದರು, ಮತ್ತ ರಿಸರ್ವಿಗೆ ಬಂದಾಗ ಎಷ್ಟಾತು, ಇಷ್ಟ ಬರಕೋಳೂದು. ಭಾಗಾಕಾರ ಬಂದ್ರ ಸಾಕು. ಲೀಟರಿಗೆ 38, 40 ಬರತಿತ್ತು.

ಆಗಿನ ಸ್ಕೂಟರ್ ಎಲ್ಲಾ ಟೂ ಸ್ಟ್ರೋಕ್. ಅದರಾಗ ಹೊಸ ಪೆಟ್ರೋಲ್ ಒಳಗ ಬರೂ ಮುಂದ ಹೊಗಿ ಹೋಗೂ ಕಿಂಡೀನೂ ತೆರದ ಇರತದ. ಹಿಂಗಾಗಿ ಸುಡದ ಇದ್ದ ಪೆಟ್ರೋಲ್ ಒಂದಿಷ್ಟು ಹೊಗಿ ಕೂಡ ಹೊರಗ ಹೋಗತದ. ಹಾಲು ಉಕ್ಕಿ ಒಲಿ ಮ್ಯಾಲ ಚೆಲ್ಲಿಧಂಗ ಅನ್ನರಿ. ಜೊತಿಗೆ ಸಣ್ಣ ಗಾಲಿ. ಅವಕ್ಕ ಗಾಳಿ ಕಡಿಮಿ ಆತಂದ್ರ ಇನ್ನೂ ಎಳೀಲಾರದು. ಮಳಿಗಾಲದ ಲೆಕ್ಕ ಯಾವಾಗಲೂ ಕಡಿಮಿ ಬಂದದ. ಸಂಜಿಗೆ ಹುಬ್ಬಳ್ಳಿಯಿಂದ ಬರೂ ಮುಂದ ಪಡುವಣ ಗಾಳಿ ಎದಿಗೇ ಬಡೀತದ, ಮ್ಯಾಲ ಧಾರವಾಡ ಎತ್ತರದಾಗ ಅದ. ಥಂಡಿ ದಿನದಾಗ ಚೋಕ್ ಎಳದು ಮರತು ಹೋದರ ಅದೂ ವಹಿಯಾಗ ಕಾಣತಿತ್ತು.

1992ರ ಒಂದು ತಿಂಗಳದಾಗ ಲೆಕ್ಕ 29ಕ್ಕ ಇಳೀತು. ಮಗಳ ಬಾಲವಾಡಿ ಫೀಗೆ ತಗದಿಟ್ಟ ರೊಕ್ಕ ಪೆಟ್ರೋಲಿಗೆ ಹೋತು. ಮೂರು ಸಲ ಲೆಕ್ಕಾ ಮಾಡಿದೆ, ಅಷ್ಟ. ಆಮ್ಯಾಲ ನಾ ಕೇಳಬಾರದ್ದು ಕೇಳಿದೆ: "ಆಫೀಸ್ ಬಿಟ್ಟ ಮ್ಯಾಲ ಎಲ್ಲಿ ತಿರಗಾಕ ಹೋಗತೀರಿ?" ಅವರು ಮಾತಾಡಲಿಲ್ಲ. ಮರುದಿನ ಗಾಡಿ ಬಿಟ್ಟು ಬಸ್ಸಿಗೆ ಹೋದರು. ಅತ್ತಿಯವರ ಮುಂದ ಕೇಳಿದ್ದೆನಲ್ಲ, ಅದು ಅವರಿಗೆ ಭಾಳ ಹತ್ತಿತು.

ನಾಲ್ಕು ದಿನದ ಮ್ಯಾಲ ಗಾಡಿ ಹೊರಗ ತಗದರು. ಸಂಜಿಗೆ ಬಂದು ನಿಲ್ಲಿಸಿದಾಗ ಹಿಂದಿನ ಗಾಲಿ ಹತ್ರ ಸುಟ್ಟ ವಾಸನಿ. ಮುಟ್ಟಿದರ ಬ್ರೇಕ್ ಡ್ರಮ್ ಹಂಚಿನಂಗ ಕಾದಿತ್ತು. ರಿಪೇರಿ ಮಾಡಿದಾಂವ ಬ್ರೇಕಿನ ತಂತಿ ಬಿಗಿ ಮಾಡಿಬಿಟ್ಟಿದ್ದ. ಬ್ರೇಕ್ ಒತ್ತದಿದ್ದರೂ ಹಿಡಕೊಂಡ ಇರತಿತ್ತು. ಅದನ್ನ ಸಡ್ಲ ಮಾಡಿಸಿದ ಮ್ಯಾಲ ವಹಿಯಾಗ ಮತ್ತ 38. ಅವರು ನಕ್ಕರು. ನನಗ ನಗು ಬರಲಿಲ್ಲ.

ಹೀರೋ ಹೋಂಡಾ ಸಿಡಿ 100 ಬಂದದ್ದು 1985ರಲ್ಲಿ. ಲೀಟರಿಗೆ 80 ಕಿಲೋಮೀಟರ್ ಅಂತ ಜಾಹೀರಾತು. ಅದು ಫೋರ್ ಸ್ಟ್ರೋಕ್: ಒಳಗ ಬರೂ ಬಾಗಲಾ ಬ್ಯಾರೆ, ಹೊರಗ ಹೋಗೂ ಬಾಗಲಾ ಬ್ಯಾರೆ, ತಂತಮ್ಮ ಹೊತ್ತಿಗೆ ತೆರೀತಾವ. ನಾವು ತಗೊಂಡದ್ದು 1996ರಾಗ. ಅದೇ ರಸ್ತೆ, ಅದೇ ಮನುಷ್ಯಾ. ವಹಿಯಾಗ 65, ಒಮ್ಮೊಮ್ಮೆ 68. ಆದ್ರ ಹೆಣ್ಣಮಕ್ಕಳ ಮಾತು ಹೇಳತೀನಿ, ಚೇತಕ್ಕಿನ ಮುಂದ ಮಗಳು ನಿಲ್ಲತಿದ್ದಳು, ಸಿಲಿಂಡರ್ ಬರತಿತ್ತು, ಕಾಯಿಪಲ್ಯಾದ ಚೀಲಾ ಕೂಡತಿತ್ತು. ಇದರ ಮ್ಯಾಲ ಚೀಲ ನನ್ನ ತೊಡಿ ಮ್ಯಾಲ.

ಆಮ್ಯಾಲ ಹೊಗಿ ನಿಯಮ ಬಿಗಿ ಆಗಿ ಟೂ ಸ್ಟ್ರೋಕ್ ಹಿಂದ ಸರಿದವು. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮ್ಯಾಲ ಹೊಸ ಗಾಡಿಯಾಗ ಪೆಟ್ರೋಲ್ ಅಳದು ಬಿಡೂದು ಕಂಪ್ಯೂಟರಿನ ಕೆಲಸ ಆಗೇದ. ಚೋಕ್ ಎಳಿಯೂದು ಇಂದಿನ ಹುಡುಗರಿಗೆ ಗೊತ್ತೂ ಇಲ್ಲ.

ವೈನಿ ಮಗನ ಗಾಡಿ ಟೈರ್ ಒತ್ತಿ ನೋಡಿದೆ, ಮೆತ್ತಗಿತ್ತು. ಗಾಳಿ ಹಾಕಿಸು, ಹಿಂದಿನ ಡ್ರಮ್ ಮುಟ್ಟಿ ನೋಡು ಅಂದೆ. ನಮ್ಮ ಮನಿಯವರು 2018ರಾಗ ಚಿಗರಿ ಬಸ್ ಶುರು ಆದ ಮ್ಯಾಲ ಅದರಾಗ ಹೋಗಿ ಬರಾಕತ್ತಿದರು. ವಹಿಯಾಗ ಕಡೀ ಸಾಲು ಅವರದೇ ಅಕ್ಷರ: "ಪೆಟ್ರೋಲ್ ಇಲ್ಲ. ಬಸ್ ಪಾಸ್."